ಬೆಲ್ಲ ಕೊಡುವವರಿಗೆ ನಿಯಮ ಹಾಕುವ ಮೊದಲು ಕೊಳ್ಳುವ ನಾವು ಏನು ಮಾಡಬೇಕು? ಮೈಸೂರು-ಮಂಡ್ಯದವರ ಅನುಭವ ಬೇಕು

ಕಡಲೆಮಿಠಾಯಿ ಮೈಸೂರು:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ಮೈಸೂರಿನಲ್ಲಿ ನಮ್ಮದು ಪುಟ್ಟ ಘಟಕ. ಎಂಟು ಜನ ಹೆಂಗಸರು ಸೇರಿ ಕಡಲೆಮಿಠಾಯಿ, ಎಳ್ಳುಂಡೆ ಮಾಡುತ್ತೇವೆ. ಸಂಕ್ರಾಂತಿ ಬಂದರೆ ಎಳ್ಳುಬೆಲ್ಲ. ತಿಂಗಳಿಗೆ ಸುಮಾರು 600 ಕೆಜಿ ಬೆಲ್ಲ ಬೇಕು. ಆರು ವರ್ಷದಿಂದ ಮದ್ದೂರು ಕಡೆಯ ಒಂದೇ ಆಲೆಮನೆಯಿಂದ ತರಿಸುತ್ತಿದ್ದೇವೆ. ಕೊರೊನಾ ಸಮಯದಲ್ಲಿ ನಮ್ಮ ಹತ್ತಿರ ದುಡ್ಡಿಲ್ಲದಾಗಲೂ ಮಾಲು ಕಳಿಸಿದವರು ಅವರು.

ಹೋದ ತಿಂಗಳು ಬೆಂಗಳೂರಿನ ಒಬ್ಬ ದೊಡ್ಡ ವ್ಯಾಪಾರಿ ನಮ್ಮ ಮಿಠಾಯಿ ತೆಗೆದುಕೊಳ್ಳಲು ಮುಂದೆ ಬಂದರು. ಅದಕ್ಕೂ ಮೊದಲು ಬೆಲ್ಲದ ಲ್ಯಾಬ್ ರಿಪೋರ್ಟ್ ಕೇಳಿದರು. ಜೊತೆಗೆ 14 ಪುಟದ ಇಂಗ್ಲಿಷ್ ಕಾಗದ ಕಳಿಸಿದರು. ನಮಗೆ ಮಾಲು ಕೊಡುವವರು ಮಕ್ಕಳನ್ನು ದುಡಿಸುವುದಿಲ್ಲ, ಕನಿಷ್ಠ ಕೂಲಿ ಕೊಡುತ್ತಾರೆ, ಗಾಳಿ ನೀರು ಕೆಡಿಸುವುದಿಲ್ಲ ಅಂತ ನಾನು ಸಹಿ ಹಾಕಿಕೊಡಬೇಕು.

ರಿಪೋರ್ಟ್ ಬಂತು. ಸಲ್ಫರ್ ಡೈಆಕ್ಸೈಡ್ 160 ಪಿಪಿಎಂ, ಅಂದರೆ ಕೆಜಿಗೆ 160 ಮಿಲಿಗ್ರಾಂ. ಬೆಲ್ಲಕ್ಕೆ ಇರುವ ಮಿತಿ 70.

ಫೋನ್ ಮಾಡದೆ ಆಲೆಮನೆಗೆ ಹೋದೆ. ಸಂಜೆ ಏಳು ಗಂಟೆ. ಕೊಪ್ಪರಿಗೆಯಲ್ಲಿ ಪಾಕ ಕುದಿಯುತ್ತಿತ್ತು. ಪಕ್ಕದ ಕಟ್ಟೆ ಮೇಲೆ ಮುಚ್ಚಳ ಇಲ್ಲದ ಒಂದು ಪ್ಲಾಸ್ಟಿಕ್ ಡಬ್ಬ, ಅದರಲ್ಲಿ ಬಿಳಿ ಪುಡಿ, ಒಂದು ಸ್ಟೀಲ್ ಚಮಚ. ಪಾಕ ಹದಕ್ಕೆ ಬರುವ ಹೊತ್ತಿಗೆ ಕೆಲಸದವರು ಎರಡು ಚಮಚ ಎತ್ತಿ ಹಾಕಿದರು. ಕಂದು ಪಾಕ ನನ್ನ ಕಣ್ಣೆದುರೇ ಹಳದಿಯಾಯಿತು. ಮೂಗಿಗೆ ಬೆಂಕಿಕಡ್ಡಿ ಗೀರಿದ ಹಾಗೆ ಘಾಟು ಬಂತು. ಒಲೆ ಬಾಯಿಯ ಹತ್ತಿರ ಕಬ್ಬಿನ ಸಿಪ್ಪೆಯ ಜೊತೆ ಕತ್ತರಿಸಿದ ಟೈರ್ ತುಂಡುಗಳ ಗುಡ್ಡೆ. ಹನ್ನೊಂದೋ ಹನ್ನೆರಡೋ ವರ್ಷದ ಒಬ್ಬ ಹುಡುಗ ಅಚ್ಚಿನ ಮಣೆಗಳನ್ನು ತೊಳೆದು ಜೋಡಿಸುತ್ತಿದ್ದ. ಅವನ ಅಪ್ಪ ಅಮ್ಮ ಉತ್ತರ ಪ್ರದೇಶದಿಂದ ಕೆಲಸಕ್ಕೆ ಬಂದವರಂತೆ.

ನಾನು ಮಾಲೀಕರಿಗೆ ರಿಪೋರ್ಟ್ ತೋರಿಸಿದೆ. ಅವರು ಜಗಳ ಆಡಲಿಲ್ಲ. ಮೊಬೈಲ್ ತೆಗೆದು ಎರಡು ವರ್ಷದ ಹಿಂದಿನ ನನ್ನದೇ ಮೆಸೇಜ್ ತೋರಿಸಿದರು. "ಈ ಸಲ ಬೆಲ್ಲ ತುಂಬಾ ಕಪ್ಪಾಗಿದೆ. ಗಿರಾಕಿಗಳು ಒಪ್ಪುತ್ತಿಲ್ಲ. ಮುಂದಿನ ಸಲ ಹಳದಿ ಇಲ್ಲದಿದ್ದರೆ ವಾಪಸ್ ಕಳಿಸುತ್ತೇನೆ." ಅದರ ಕೆಳಗೆ ಅವರ ಉತ್ತರ: "ಆಯ್ತಮ್ಮ, ಮಾಡಿಸ್ತೀನಿ."

ಅವತ್ತಿಂದ ನಿದ್ದೆ ಸರಿಯಾಗಿಲ್ಲ. ಇವರನ್ನು ಬಿಟ್ಟು ಬೇರೆ ಕಡೆ ಹೋಗಬೇಕಾ? ಇವರ ಜೊತೆಗೇ ಸರಿಪಡಿಸಿಕೊಳ್ಳಬೇಕಾ? ಆ 14 ಪುಟಕ್ಕೆ ಯಾವ ಧೈರ್ಯದಲ್ಲಿ ಸಹಿ ಹಾಕಲಿ?

ಬೇಕರಿ ಹೆಬ್ಬಾಳ:
ಬಿಟ್ಟುಬಿಡಿ ಅಕ್ಕ. ಆರು ವರ್ಷದ ಸ್ನೇಹ ಬೇರೆ, ಜನ ತಿನ್ನುವ ವಸ್ತು ಬೇರೆ. ಒಂದು ಕೇಳುತ್ತೇನೆ, ಅವರು ಬಿಲ್ ಕೊಡುತ್ತಾರಾ? ಆಹಾರ ಸುರಕ್ಷತಾ ಕಾಯ್ದೆ ಪ್ರಕಾರ ಮಾಲು ಮಾರುವವನು ಕೊಳ್ಳುವವನಿಗೆ ಗುಣಮಟ್ಟದ ಖಾತರಿಯನ್ನು ಬರವಣಿಗೆಯಲ್ಲಿ ಕೊಡಬೇಕು. ಬಿಲ್ ಕೊಟ್ಟರೆ ಅದನ್ನೇ ಖಾತರಿ ಅಂತ ಲೆಕ್ಕ ಹಾಕುತ್ತಾರೆ. 2022ರ ಜನವರಿಯಿಂದ ಬಿಲ್ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಕೂಡ ಇರಲೇಬೇಕು. ಚೀಟಿಯಲ್ಲಿ ಬರೆದುಕೊಟ್ಟ ಲೆಕ್ಕದ ಮೇಲೆ ಬೆಲ್ಲ ತಂದರೆ ನಾಳೆ ನಿಮ್ಮ ಮಿಠಾಯಿ ಸ್ಯಾಂಪಲ್ ಫೇಲ್ ಆದಾಗ ಹಿಡಿದುಕೊಳ್ಳಲು ನಿಮಗೆ ಏನೂ ಇರುವುದಿಲ್ಲ.

ಕಡಲೆಮಿಠಾಯಿ ಮೈಸೂರು:
ಚೀಟಿಯೇ ಸರ್. ಆರು ವರ್ಷವೂ ಚೀಟಿಯೇ.

ಆಲೆಮನೆ ಮಗ:
ನಮ್ಮದೂ ಆಲೆಮನೆ. ಮಂಡ್ಯ ತಾಲೂಕು. ಅಕ್ಕ ಬರೆದದ್ದು ಓದಿ ಬೇಜಾರಾಯಿತು, ಯಾಕೆಂದರೆ ಒಂದು ಮಾತೂ ಸುಳ್ಳಲ್ಲ. ಆದರೆ ಒಳಗಿನಿಂದ ಹೇಗೆ ಕಾಣುತ್ತದೆ ಅಂತ ಹೇಳಬೇಕು.

ಮಂಡಿಯಲ್ಲಿ ನಮ್ಮ ಮಾಲು ಇಳಿದ ಕೂಡಲೇ ಒಂದು ಅಚ್ಚು ಒಡೆದು ನೋಡುತ್ತಾರೆ. ಮೊದಲು ಬಣ್ಣ. ಆಮೇಲೆ ಗಟ್ಟಿ ಇದೆಯಾ ಅಂತ. ಬಾಯಿಗೆ ಹಾಕಿಕೊಂಡು ರುಚಿ ನೋಡುವವರು ಕಡಿಮೆ. ಕಪ್ಪು ಬೆಲ್ಲಕ್ಕೆ ರೇಟು ಬೀಳುತ್ತದೆ. ಅಷ್ಟೇ ಕಬ್ಬು, ಅಷ್ಟೇ ಬೆವರು. ಅಕ್ಕ ನೋಡಿದ ಆ ಬಿಳಿ ಪುಡಿಯೇ ಹೈಡ್ರೋಸ್, ನಮ್ಮ ತಾತನ ಕಾಲದಲ್ಲಿ ಆ ಹೆಸರೇ ಗೊತ್ತಿರಲಿಲ್ಲ. ಬೆಂಡೆ ಗಿಡ ಜಜ್ಜಿ ನೀರಲ್ಲಿ ನೆನೆಸಿ ಆ ಲೋಳೆ ಹಾಕುತ್ತಿದ್ದರು. ಕಸ ಎಲ್ಲಾ ನೊರೆಯಾಗಿ ಮೇಲೆ ಬರುತ್ತಿತ್ತು. ಅದನ್ನು ತೆಗೆಯುತ್ತಾ ಕೂರಬೇಕು. ಅದಕ್ಕೆ ಸಮಯ ಬೇಕು, ಒಬ್ಬ ಆಳು ಜಾಸ್ತಿ ಬೇಕು. ಹೈಡ್ರೋಸ್ ಎರಡು ಚಮಚದಲ್ಲಿ ಕೆಲಸ ಮುಗಿಸುತ್ತದೆ.

ಇನ್ನೊಂದು ವಿಷಯ ಪೇಟೆಯವರಿಗೆ ಗೊತ್ತಿರುವುದಿಲ್ಲ. ಬೆಲ್ಲದ ಬಣ್ಣ ಗದ್ದೆಯಲ್ಲೇ ಅರ್ಧ ತೀರ್ಮಾನ ಆಗಿರುತ್ತದೆ. ಚೌಳು ನೆಲದ ಕಬ್ಬಿನ ಬೆಲ್ಲ ಕಪ್ಪು, ಸ್ವಲ್ಪ ಉಪ್ಪುಪ್ಪು. ಯೂರಿಯಾ ಜಾಸ್ತಿ ಸುರಿದ ಕಬ್ಬಿನದೂ ಕಪ್ಪು, ಮೆತ್ತಗೆ. ಕಡಿದ ಕಬ್ಬನ್ನು ಒಂದು ದಿನದೊಳಗೆ ಅರೆಯಬೇಕು. ಮೂರು ದಿನ ಬಿಸಿಲಲ್ಲಿ ಬಿದ್ದರೆ ಅದರ ಸಕ್ಕರೆ ಒಡೆದುಹೋಗುತ್ತದೆ, ಪಾಕ ಎಷ್ಟು ಕಾಯಿಸಿದರೂ ಅಚ್ಚಿನಲ್ಲಿ ನಿಲ್ಲುವುದಿಲ್ಲ. ಆಗ ಗಟ್ಟಿಯಾಗಲಿ ಅಂತ ಸಕ್ಕರೆ ಮೂಟೆ ಸುರಿಯುತ್ತಾರೆ. ಸಕ್ಕರೆ ಅಗ್ಗ ಇದ್ದಾಗ ತೂಕಕ್ಕೂ ಸುರಿಯುವವರಿದ್ದಾರೆ, ಅದನ್ನು ನಾನು ಸಮರ್ಥಿಸುವುದಿಲ್ಲ. ಒಂದು ಟನ್ ಕಬ್ಬಿಗೆ ಸುಮಾರು 100 ಕೆಜಿ ಬೆಲ್ಲ ಬಂದರೆ ಪುಣ್ಯ. ಅದಕ್ಕಿಂತ ತುಂಬಾ ಜಾಸ್ತಿ ಬರುತ್ತಿದೆ ಅಂತ ಯಾರಾದರೂ ಹೇಳಿದರೆ ಸಕ್ಕರೆ ಎಷ್ಟು ಹೋಯಿತು ಅಂತ ಕೇಳಿ.

ಟೈರ್ ವಿಷಯ. ಮಳೆಗಾಲದಲ್ಲಿ ಸಿಪ್ಪೆ ಒಣಗುವುದಿಲ್ಲ. ಒದ್ದೆ ಸಿಪ್ಪೆಯಲ್ಲಿ ಉರಿ ಏಳುವುದಿಲ್ಲ. ಲಾರಿಯವರು ಹಳೆ ಟೈರ್, ಪ್ಲಾಸ್ಟಿಕ್ ತಂದು ಅಗ್ಗಕ್ಕೆ ಸುರಿದು ಹೋಗುತ್ತಾರೆ. ನಾವು ಮೂರು ವರ್ಷದ ಹಿಂದೆ ತಗಡಿನ ಚಾವಣಿ ಹಾಕಿಸಿ ಬೇಸಿಗೆಯಲ್ಲೇ ಸಿಪ್ಪೆ ಒಣಗಿಸಿ ಇಟ್ಟುಕೊಳ್ಳಲು ಶುರು ಮಾಡಿದೆವು. ನಮ್ಮ ಅಮ್ಮನಿಗೆ ಆ ಹೊಗೆಯಿಂದ ದಿನಾ ಕೆಮ್ಮು ಇತ್ತು. ಅದಕ್ಕೇ ಮಾಡಿದ್ದು, ಯಾವ ಆಡಿಟ್‌ಗೂ ಅಲ್ಲ.

ಕೊನೆಗೆ ಅಕ್ಕನಿಗೆ ಒಂದು ಪ್ರಶ್ನೆ. ದುಡ್ಡು ಎಷ್ಟು ದಿನಕ್ಕೆ ಕೊಡುತ್ತೀರಿ?

ಕಡಲೆಮಿಠಾಯಿ ಮೈಸೂರು:
50 ದಿನ. ಕೆಲವು ಸಲ 60. ನಮಗೆ ಅಂಗಡಿಯವರು ಕೊಟ್ಟ ಮೇಲೆ ನಾವು ಕೊಡುವುದು.

ಆಲೆಮನೆ ಮಗ:
ಕಬ್ಬು ಕೊಟ್ಟ ರೈತ ವಾರದೊಳಗೆ ಮನೆ ಬಾಗಿಲಿಗೆ ಬರುತ್ತಾನೆ ಅಕ್ಕ. ಕಾರ್ಖಾನೆ ಬಿಟ್ಟು ಆಲೆಮನೆಗೆ ಕಬ್ಬು ಹೊಡೆಯುವುದೇ ಕೈಯಲ್ಲಿ ಕಾಸು ಬೇಗ ಸಿಗಲಿ ಅಂತ. ಸಕ್ಕರೆ ಕಾರ್ಖಾನೆಯವರು ರೈತನಿಗೆ 14 ದಿನದೊಳಗೆ ದುಡ್ಡು ಕೊಡಬೇಕು ಅಂತ ಕಾನೂನಿದೆ, ಎಷ್ಟು ಸಲ ಪಾಲನೆಯಾಗಿದೆ ಅಂತ ಮಂಡ್ಯದವರಿಗೆ ಹೇಳಬೇಕಾಗಿಲ್ಲ. ನೀವು 60 ದಿನ ತಡ ಮಾಡಿದರೆ ನಡುವಿನ ಬಡ್ಡಿ ಯಾರು ಕಟ್ಟುತ್ತಾರೆ? ಆ ಬಡ್ಡಿ ಆಳಿನ ಕೂಲಿಯಿಂದ ಬರುತ್ತದೆ, ಇಲ್ಲ ಸಕ್ಕರೆ ಮೂಟೆಯಿಂದ ಬರುತ್ತದೆ.

ಪ್ರಯೋಗಾಲಯದಲ್ಲಿದ್ದವ:
ಆಹಾರ ಪರೀಕ್ಷೆ ಕೆಲಸದಲ್ಲಿ ತುಂಬಾ ವರ್ಷ ಇದ್ದೆ. ಈಗ ನಿವೃತ್ತಿ. ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹೈಡ್ರೋಸ್ ಅಂದರೆ ಸೋಡಿಯಂ ಹೈಡ್ರೋಸಲ್ಫೈಟ್. ಬಟ್ಟೆ ಕಾರ್ಖಾನೆಯಲ್ಲಿ ಬಣ್ಣ ತೆಗೆಯಲು ಬಳಸುವ ವಸ್ತು. ಬೆಲ್ಲದ ಕೊಳೆಯನ್ನು ಅದು ತೆಗೆಯುವುದಿಲ್ಲ, ಬಣ್ಣವನ್ನು ಮಾತ್ರ ಮರೆಮಾಡುತ್ತದೆ. ಅದಕ್ಕೇ ಅಂಥ ಬೆಲ್ಲ ಕೆಲವು ವಾರ ಇಟ್ಟರೆ ಮತ್ತೆ ಕಪ್ಪಾಗುತ್ತಾ ಬರುತ್ತದೆ. ಉಳಿಯುವುದು ಸಲ್ಫೈಟ್. ಎಲ್ಲರಿಗೂ ತೊಂದರೆ ಆಗುವುದಿಲ್ಲ. ಆದರೆ ಉಬ್ಬಸ ಇರುವ ಕೆಲವರಿಗೆ ಸ್ವಲ್ಪವೇ ಸಾಕು, ಉಸಿರು ಕಟ್ಟುತ್ತದೆ. ಪ್ಯಾಕೆಟ್‌ನಲ್ಲಿ ಮಾರುವ ತಿಂಡಿಯಲ್ಲಿ ಕೆಜಿಗೆ 10 ಮಿಲಿಗ್ರಾಂ ಅಥವಾ ಜಾಸ್ತಿ ಸಲ್ಫೈಟ್ ಇದ್ದರೆ ಲೇಬಲ್ ಮೇಲೆ ಹಾಕಲೇಬೇಕು. ನಿಮ್ಮ ಮಿಠಾಯಿಯಲ್ಲಿ ಮೂರನೇ ಒಂದು ಭಾಗ ಬೆಲ್ಲ ಅಂದುಕೊಂಡರೂ 160 ಇರುವ ಬೆಲ್ಲದಿಂದ ಆ ಗೆರೆ ಸುಲಭವಾಗಿ ದಾಟುತ್ತದೆ.

ಸ್ಯಾಂಪಲ್ ಹೇಗೆ ತೆಗೆದಿರಿ? ಒಂದೇ ಅಚ್ಚು ಕೊಟ್ಟಿದ್ದರೆ ಅದು ಆ ಒಂದು ಕೊಪ್ಪರಿಗೆಯ ಕಥೆ ಮಾತ್ರ. ನಾಲ್ಕೈದು ಮೂಟೆಯಿಂದ ಸ್ವಲ್ಪ ಸ್ವಲ್ಪ ತೆಗೆದು ಪುಡಿ ಮಾಡಿ ಬೆರೆಸಿ ಕೊಡಿ. ಸಕ್ಕರೆ ಬೆರಕೆ ಮಾತ್ರ ಕಂಡುಹಿಡಿಯುವುದು ಕಷ್ಟ, ಯಾಕೆಂದರೆ ಕಬ್ಬಿನ ಬೆಲ್ಲದಲ್ಲೂ ಇರುವುದು ಅದೇ ಸಕ್ಕರೆ. ಅಲ್ಲಿ ಲ್ಯಾಬ್‌ಗಿಂತ ಆಲೆಮನೆಯ ಲೆಕ್ಕದ ಪುಸ್ತಕ ಜಾಸ್ತಿ ಹೇಳುತ್ತದೆ. ಎಷ್ಟು ಕಬ್ಬು ಬಂತು, ಎಷ್ಟು ಬೆಲ್ಲ ಹೋಯಿತು.

1950ರಿಂದ ಆಹಾರ ಸಂಶೋಧನೆ ಮಾಡುವ ಕೇಂದ್ರ ಸರ್ಕಾರದ ಸಂಸ್ಥೆ ಸಿಎಫ್‌ಟಿಆರ್‌ಐ ನಮ್ಮ ಮೈಸೂರಿನಲ್ಲೇ ಚೆಲುವಾಂಬ ಅರಮನೆಯಲ್ಲಿದೆ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ಕಬ್ಬಿನ ಬಗ್ಗೆ ಕೆಲಸ ಮಾಡುವವರಿದ್ದಾರೆ. ಎರಡು ಕಡೆಯೂ ಹೋಗಿ ಕೇಳಿ. ಬಾಗಿಲಲ್ಲೇ ಇರುವ ಬಾವಿಯಿಂದ ನೀರು ಸೇದದೆ ಕೂತಿದ್ದೇವೆ ಅಂತ ನನಗೆ ಯಾವಾಗಲೂ ನೋವು.

ಹೋಟೆಲ್ ಅಡುಗೆಮನೆ:
ನಾವೂ ತಪ್ಪಿತಸ್ಥರು. ಒಬ್ಬಟ್ಟಿನ ಹೂರಣ ಕಪ್ಪಾದರೆ ಗಿರಾಕಿ ಹಳೇದು ಅಂದುಕೊಳ್ಳುತ್ತಾರೆ. ನಾನು ಹೋದ ಯುಗಾದಿಯಿಂದ ಮೇಜಿನ ಮೇಲೆ ಒಂದು ಚೀಟಿ ಇಟ್ಟಿದ್ದೇನೆ: "ನಮ್ಮ ಬೆಲ್ಲಕ್ಕೆ ಬಣ್ಣ ತೆಗೆಯುವ ಪುಡಿ ಹಾಕಿಲ್ಲ, ಅದಕ್ಕೇ ಈ ಬಣ್ಣ." ಯಾಕೆ ಕಪ್ಪು ಅಂತ ಕೇಳುವವರು ಕಡಿಮೆಯಾದರು.

ಆಡಿಟ್ ಕೆಲಸ:
ಆ 14 ಪುಟದ ಬಗ್ಗೆ ನಾನು ಹೇಳಬೇಕು. ಇಂಥ ಕಾಗದ ಹಿಡಿದುಕೊಂಡು ಊರೂರು ತಿರುಗುವುದೇ ನನ್ನ ಕೆಲಸ.

ಅದರಲ್ಲಿರುವ ಮಾತು ಕೆಟ್ಟದ್ದಲ್ಲ. ಬಲವಂತದ ದುಡಿಮೆ ಬೇಡ, ಮಕ್ಕಳ ದುಡಿಮೆ ಬೇಡ, ಸುರಕ್ಷಿತ ಜಾಗ ಬೇಕು, ಬದುಕಲು ಸಾಕಾಗುವ ಕೂಲಿ ಬೇಕು, ಲಂಚ ಬೇಡ. ಪ್ರಪಂಚದಲ್ಲಿ ಚಾಲ್ತಿಯಲ್ಲಿರುವ ಇಂಥ ಆಡಿಟ್ ಪದ್ಧತಿಗಳಾದ ಎಸ್‌ಎ 8000, ಸ್ಮೆಟಾ ಎಲ್ಲದರ ಸಾರವೂ ಹೆಚ್ಚುಕಡಿಮೆ ಇದೇ. ಕಷ್ಟ ಎಲ್ಲಿದೆ ಅಂದರೆ ಕಾಗದ ಮೇಲಿನಿಂದ ಕೆಳಗೆ ಇಳಿಯುತ್ತಾ ಹೋಗುತ್ತದೆ, ದುಡ್ಡು ಇಳಿಯುವುದಿಲ್ಲ. ದೊಡ್ಡವರು ನಿಮ್ಮ ಸಹಿ ಕೇಳುತ್ತಾರೆ. ನೀವು ಆಲೆಮನೆಯವರ ಸಹಿ ಕೇಳುತ್ತೀರಿ. ಅವರು ಓದಲು ಬಾರದ ಭಾಷೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತುತ್ತಾರೆ. ಎಲ್ಲರ ಫೈಲೂ ತುಂಬಿತು, ಟೈರ್ ಉರಿಯುತ್ತಲೇ ಇದೆ.

ನಾನು ಒಂದು ಕಡೆ ಹಗಲು ಹೊತ್ತು ಹೋಗಿದ್ದೆ. ಎಲ್ಲಾ ಚೊಕ್ಕಟ. ಗೋಡೆಗೆ ಹೊಸ ಸುಣ್ಣ, ಬೆಂಕಿ ಆರಿಸುವ ಸಿಲಿಂಡರ್, ಕೈಗವಸು. ಮರಳುವಾಗ ಒಬ್ಬ ಕೆಲಸದವನ ಕೈ ನೋಡಿದೆ. ಮೊಣಕೈವರೆಗೆ ಪಾಕ ಸಿಡಿದ ಸುಟ್ಟ ಗಾಯ, ಹೊಸದು. ಕೈಗವಸು ಪ್ಯಾಕೆಟ್‌ನಿಂದ ಅವತ್ತೇ ತೆಗೆದದ್ದು, ಮಡಿಕೆ ಗೆರೆ ಹಾಗೇ ಇತ್ತು. ಬೆಲ್ಲದ ಪಾಕ ಇಳಿಸುವಾಗ ಸುಮಾರು 118 ಡಿಗ್ರಿ ಇರುತ್ತದೆ, ಕುದಿಯುವ ನೀರಿಗಿಂತ ಬಿಸಿ, ಮೈಗೆ ಅಂಟಿಕೊಳ್ಳುತ್ತದೆ. ಅವತ್ತಿನಿಂದ ನಾನು ಕೈ ನೋಡದೆ ಫಾರಂ ತುಂಬುವುದಿಲ್ಲ.

ಹೋದಾಗ ಕೆಲಸದವರ ಜೊತೆ ಬೇರೆಯಾಗಿ ಮಾತಾಡಿ, ಅವರ ಭಾಷೆ ಬರುವವರನ್ನು ಕರೆದುಕೊಂಡು ಹೋಗಿ. ಮುಂಗಡ ಎಷ್ಟು ತೆಗೆದುಕೊಂಡಿದ್ದೀರಿ, ಊರಿಗೆ ಹೋಗಬೇಕು ಅಂದರೆ ಬಿಡುತ್ತಾರಾ ಅಂತ ಕೇಳಿ. ಮುಂಗಡ ಕೊಡುವುದು ತಪ್ಪಲ್ಲ. ಮುಂಗಡ ತೀರುವ ತನಕ ಹೋಗುವಂತಿಲ್ಲ ಅಂದರೆ ಅದು 1976ರ ಕಾಯ್ದೆ ನಿಷೇಧಿಸಿರುವ ಜೀತ. ರಾತ್ರಿ ಒಂದು ಸಲ ಹೋಗಿ. ಗಾಣಕ್ಕೆ ಕೈ ಸಿಗದಂತೆ ತಡೆ ಇದೆಯಾ ನೋಡಿ.

ಸಹಿ ಬಗ್ಗೆ: ಗೊತ್ತಿಲ್ಲದ್ದಕ್ಕೆ ಸಹಿ ಹಾಕಬೇಡಿ. "ಇಷ್ಟು ನೋಡಿದ್ದೇನೆ, ಇಷ್ಟು ಸರಿಯಿಲ್ಲ, ಇಂಥ ತಾರೀಖಿನೊಳಗೆ ಸರಿ ಮಾಡಿಸುತ್ತೇನೆ" ಅಂತ ಪತ್ರ ಬರೆದು ಕೊಡಿ. ಒಳ್ಳೆ ವ್ಯಾಪಾರಿ ಅದನ್ನು ಒಪ್ಪುತ್ತಾರೆ. ಸುಳ್ಳು ಸಹಿಯೇ ಬೇಕು ಅನ್ನುವವರ ಜೊತೆ ವ್ಯಾಪಾರ ಬೇಕಾ ಅಂತ ನೀವೂ ಯೋಚಿಸಿ.

ಉಬ್ಬಸದ ಮಗಳ ಅಮ್ಮ:
ಎಲ್ಲರೂ ಆಲೆಮನೆಯವರ ಕಷ್ಟ, ಕೊಳ್ಳುವವರ ಕಷ್ಟ ಹೇಳುತ್ತಿದ್ದೀರಿ. ನನ್ನ ಮಗಳಿಗೆ ಒಂಬತ್ತು ವರ್ಷ. ಶಾಲೆ ಚೀಲದಲ್ಲಿ ಇನ್‌ಹೇಲರ್ ಇಟ್ಟು ಕಳಿಸುತ್ತೇನೆ. ಚಾಕಲೇಟ್ ಬೇಡ, ಕಡಲೆಮಿಠಾಯಿ ತಿನ್ನು ಅಂತ ನಾನೇ ಕೊಡಿಸುತ್ತೇನೆ. ನೀವು ಸಂಬಂಧ ಉಳಿಸಿಕೊಂಡು ನಿಧಾನವಾಗಿ ಸರಿಪಡಿಸುವವರೆಗೆ ಆ ಬೆಲ್ಲ ಯಾರ ಹೊಟ್ಟೆಗೆ ಹೋಗುತ್ತದೆ? ಈಗ ನಿಮ್ಮ ಗೋಡೌನ್‌ನಲ್ಲಿ ಇರುವುದನ್ನು ಏನು ಮಾಡುತ್ತೀರಿ? ಮೊದಲು ಅದು ಹೇಳಿ.

ಕಡಲೆಮಿಠಾಯಿ ಮೈಸೂರು:
ನೀವು ಕೇಳಿದ್ದು ಸರಿ. ಎರಡು ದಿನ ಉತ್ತರ ಬರೆಯಲು ಆಗಲಿಲ್ಲ. ಮೊದಲು ಮಾಡಬೇಕಾದದ್ದನ್ನು ಮಾಡಿ ಬರೆಯುತ್ತಿದ್ದೇನೆ.

310 ಕೆಜಿ ಬೆಲ್ಲ ಇತ್ತು. ಬಳಸುವುದಿಲ್ಲ. ಮೂಟೆಗಳ ಮೇಲೆ ಕೆಂಪು ಬಣ್ಣದಲ್ಲಿ ಬರೆದು ಬೇರೆ ಕೋಣೆಯಲ್ಲಿ ಹಾಕಿದ್ದೇನೆ. ಆ ಬೆಲ್ಲದಲ್ಲಿ ಮಾಡಿದ ಮಿಠಾಯಿ 22 ಅಂಗಡಿಗೆ ಹೋಗಿತ್ತು. ಎಲ್ಲರಿಗೂ ಫೋನ್ ಮಾಡಿ ವಾಪಸ್ ತರಿಸಿದೆವು. ಮೂವರು ಮಾರಿ ಮುಗಿಸಿದ್ದರು. ಅದನ್ನು ವಾಪಸ್ ತರಲು ನನ್ನಿಂದ ಆಗುವುದಿಲ್ಲ, ಅದರ ಭಾರ ಇದೆ. ನಿಮ್ಮ ಮಗಳಿಗೆ ನನ್ನ ಪ್ರೀತಿ ಹೇಳಿ.

ಶಾಲೆ ಟೀಚರ್ ಪಾಂಡವಪುರ:
ಆ ಹುಡುಗನ ಬಗ್ಗೆ ಇನ್ನೂ ಯಾರೂ ಪೂರ್ತಿ ಮಾತಾಡಿಲ್ಲ. 14 ವರ್ಷದೊಳಗಿನ ಮಗುವನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಶಾಲೆ ಬಿಟ್ಟ ಮೇಲೆ ಸ್ವಂತ ಮನೆಯ ಕಸುಬಿಗೆ ಸಹಾಯ ಮಾಡುವ ವಿನಾಯಿತಿ ಇದೆ, ಆದರೆ ಅಪ್ಪ ಅಮ್ಮ ಕೂಲಿಗೆ ಇರುವ ಆಲೆಮನೆ ಅವನ ಮನೆ ಕಸುಬಲ್ಲ. 18ರ ಒಳಗಿನವರನ್ನು ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ.

ಆದರೆ ಅವನನ್ನು ಕೆಲಸದಿಂದ ಬಿಡಿಸಿದರೆ ಸಾಕಾ? ಬೆಳಗ್ಗೆಯಿಂದ ಸಂಜೆ ತನಕ ಅವನು ಎಲ್ಲಿರುತ್ತಾನೆ? ಅದೇ ಕೊಪ್ಪರಿಗೆ ಪಕ್ಕ. ಶಿಕ್ಷಣ ಹಕ್ಕು ಕಾಯ್ದೆ 2009ರ ಪ್ರಕಾರ ಟಿಸಿ ಇಲ್ಲ ಅಂತ ಯಾವ ಸರ್ಕಾರಿ ಶಾಲೆಯೂ ಸೇರಿಸದೆ ಕಳಿಸುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಬೇಕು. ವರ್ಷದ ನಡುವೆ ಬಂದರೂ ಸೇರಿಸಬೇಕು. ನಮ್ಮ ಶಾಲೆಯಲ್ಲಿ ಇಂಥ ನಾಲ್ಕು ಮಕ್ಕಳಿದ್ದಾರೆ. ಮೊದಲ ತಿಂಗಳು ಬಾಯಿ ಬಿಡುವುದಿಲ್ಲ, ಮೂರನೇ ತಿಂಗಳಿಗೆ ನಮ್ಮ ಮಂಡ್ಯ ಕನ್ನಡದಲ್ಲಿ ಜಗಳ ಆಡುತ್ತಾರೆ. ಹತ್ತಿರದ ಶಾಲೆಯ ಮುಖ್ಯ ಶಿಕ್ಷಕರನ್ನು ನೀವೇ ಹೋಗಿ ಮಾತಾಡಿಸಿ. ಯಾರೂ ಸ್ಪಂದಿಸದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಬೇಕರಿ ಹೆಬ್ಬಾಳ:
ನಾನು ಮೊದಲು ಬಿಟ್ಟುಬಿಡಿ ಅಂದಿದ್ದೆ. ಬೇರೆಯವರು ಬರೆದದ್ದು ಓದಿದ ಮೇಲೆ ಅನಿಸುತ್ತಿದೆ, ನೀವು ಬಿಟ್ಟರೆ ಆ ಬೆಲ್ಲ ಮಂಡಿಗೆ ಹೋಗಿ ನನ್ನ ಬೇಕರಿಗೇ ಬಂದರೂ ಬಂತು. ಆದರೆ ಗಡುವು ಇಲ್ಲದೆ ಇಟ್ಟುಕೊಳ್ಳಬೇಡಿ. ಹೈಡ್ರೋಸ್ ಮತ್ತು ಮಗು, ಇವೆರಡಕ್ಕೆ ಒಂದು ದಿನವೂ ಗಡುವು ಬೇಡ. ಟೈರ್, ಚಾವಣಿ, ಬಿಲ್ ಪುಸ್ತಕಕ್ಕೆ ಸಮಯ ಕೊಡಬಹುದು.

ದುಡ್ಡಿನ ವಿಷಯದಲ್ಲಿ ಆಲೆಮನೆ ಮಗ ಹೇಳಿದ್ದಕ್ಕೆ ಸೇರಿಸುತ್ತೇನೆ. ಆಲೆಮನೆಯವರು ಸಣ್ಣ ಉದ್ಯಮಗಳಿಗಿರುವ ಸರ್ಕಾರದ ಉದ್ಯಮ್ ನೋಂದಣಿ ಮಾಡಿಸಿಕೊಂಡರೆ 2006ರ ಎಂಎಸ್‌ಎಂಇ ಕಾಯ್ದೆ ಅವರಿಗೂ ಸಿಗುತ್ತದೆ. ಒಪ್ಪಂದ ಇದ್ದರೂ 45 ದಿನ ಮೀರುವಂತಿಲ್ಲ, ಒಪ್ಪಂದ ಇಲ್ಲದಿದ್ದರೆ 15 ದಿನ. ಅಂದರೆ ನಿಮ್ಮ 60 ದಿನ ಆಗಲೂ ತಪ್ಪೇ.

ಕಡಲೆಮಿಠಾಯಿ ಮೈಸೂರು:
ಐದು ವಾರ ಆಯಿತು. ಏನಾಯಿತು ಅಂತ ಹೇಳುತ್ತೇನೆ.

ಆಲೆಮನೆಯವರ ಜೊತೆ ಕೂತು ಕನ್ನಡದಲ್ಲಿ ಒಂದೂವರೆ ಪುಟ ಬರೆದೆವು. ಮೊದಲ ಅರ್ಧ ನನ್ನ ಮಾತು: ಬಣ್ಣದ ಕಾರಣಕ್ಕೆ ಮಾಲು ವಾಪಸ್ ಕಳಿಸುವುದಿಲ್ಲ, ಮಾಲು ಇಳಿದ ಹತ್ತು ದಿನದೊಳಗೆ ದುಡ್ಡು, ಕೆಜಿಗೆ ನಾಲ್ಕು ರೂಪಾಯಿ ಜಾಸ್ತಿ. ಆಮೇಲೆ ಅವರ ಮಾತು: ಹೈಡ್ರೋಸ್ ಇಲ್ಲ, ಸಕ್ಕರೆ ಇಲ್ಲ, ಕಡಿದ ದಿನವೇ ಅರೆದ ಕಬ್ಬು, ಬಿಲ್, ಕಬ್ಬು-ಬೆಲ್ಲದ ಲೆಕ್ಕದ ಪುಸ್ತಕ ನಾನು ಯಾವಾಗ ಕೇಳಿದರೂ ತೋರಿಸುವುದು. ಎಫ್‌ಎಸ್‌ಎಸ್‌ಎಐ ನೋಂದಣಿಗೆ ನಮ್ಮ ಘಟಕದ ಹುಡುಗಿಯೇ ಅರ್ಜಿ ತುಂಬಿಕೊಟ್ಟಳು. ವರ್ಷಕ್ಕೆ 100 ರೂಪಾಯಿ ಶುಲ್ಕ. ಇಷ್ಟು ದಿನ ಅವರಿಗೆ ಯಾರೂ ಹೇಳಿರಲಿಲ್ಲ.

ಮೊದಲ ಲೋಡ್ ಹಾಳಾಯಿತು. ಬೆಲ್ಲ ಮೆತ್ತಗಿತ್ತು, ಮಿಠಾಯಿ ಮರುದಿನಕ್ಕೆ ಬೆವರಿ ಕಾಗದಕ್ಕೆ ಅಂಟಿಕೊಂಡಿತು. 40 ಕೆಜಿ ಮಿಠಾಯಿ ಹೋಯಿತು. ನಮ್ಮ ಹೆಂಗಸರು ಸುಮ್ಮನೆ ನಿಂತು ನನ್ನ ಮುಖ ನೋಡಿದರು. ಅವತ್ತು ನನಗೂ ಹಳೇ ಬೆಲ್ಲವೇ ಸಾಕಿತ್ತು ಅನಿಸಿಬಿಟ್ಟಿತು. ವಿಚಾರಿಸಿದರೆ ಕಡಿಯುವ ಆಳು ಸಿಗದೆ ಕಬ್ಬು ಎರಡು ದಿನ ಗದ್ದೆಯಲ್ಲೇ ಬಿದ್ದಿತ್ತಂತೆ. ಅವರು ಸುಳ್ಳು ಹೇಳಲಿಲ್ಲ, ಸಕ್ಕರೆಯನ್ನೂ ಹಾಕಲಿಲ್ಲ. ಆ ಲೋಡಿಗೂ ಹತ್ತು ದಿನಕ್ಕೆ ದುಡ್ಡು ಕೊಟ್ಟೆ.

ಎರಡನೇ ಲೋಡ್ ಚೆನ್ನಾಗಿ ಬಂತು. ಗಾಢ ಕಂದು. ಒಡೆದರೆ ಕಬ್ಬಿನ ವಾಸನೆ. ಐದು ಮೂಟೆಯಿಂದ ತೆಗೆದ ಸ್ಯಾಂಪಲ್, ಸಲ್ಫರ್ ಡೈಆಕ್ಸೈಡ್ ಪತ್ತೆಯಾಗಿಲ್ಲ ಅಂತ ರಿಪೋರ್ಟ್. ಬೆಂಗಳೂರಿನವರಿಗೆ 14 ಪುಟ ಸಹಿ ಮಾಡಿಕೊಡಲಿಲ್ಲ. ಪತ್ರ ಬರೆದೆ, ಟೈರ್ ವಿಷಯವನ್ನೂ ಬರೆದೆ. ಇನ್ನೂ ಉತ್ತರ ಬಂದಿಲ್ಲ.

ಹುಡುಗ ಶಾಲೆಗೆ ಹೋಗುತ್ತಿದ್ದಾನೆ. ಅವನ ಜೊತೆ ತಂಗಿಯೂ. ಟೈರ್ ಗುಡ್ಡೆ ಉರಿಸಿಲ್ಲ, ಆದರೆ ತೆಗೆದೂ ಇಲ್ಲ. ಮಳೆ ಜೋರಾದಾಗ ಒಂದು ರಾತ್ರಿ ಹೋಗಿ ನೋಡುತ್ತೇನೆ.

ಆಲೆಮನೆ ಮಗನಿಗೆ ಒಂದು ಪ್ರಶ್ನೆ. ಬೆಂಡೆ ಗಿಡ ಈಗ ಸಿಗುತ್ತಿದೆ. ಗಿಡ ಸಿಗದ ತಿಂಗಳಲ್ಲಿ ನೀವು ಕಸ ತೆಗೆಯಲು ಏನು ಹಾಕುತ್ತೀರಿ? ನಮ್ಮವರು ಆಗಲೇ ಅದರ ಚಿಂತೆಯಲ್ಲಿದ್ದಾರೆ.

ಆಲೆಮನೆ ಮಗ:
ಕಾಯಿ ಮುಗಿದ ಮೇಲೆ ಗಿಡ ಕಿತ್ತು ಎಸೆಯುತ್ತಾರಲ್ಲ, ಅದನ್ನು ನೆರಳಲ್ಲಿ ಒಣಗಿಸಿ ಕಟ್ಟು ಕಟ್ಟಿ ಇಟ್ಟುಕೊಳ್ಳಲಿ. ಬೇಕಾದಾಗ ಜಜ್ಜಿ ನೆನೆಸಿದರೆ ಲೋಳೆ ಬಿಡುತ್ತದೆ, ಹಸಿ ಗಿಡದಷ್ಟು ಇರುವುದಿಲ್ಲ, ಸ್ವಲ್ಪ ಜಾಸ್ತಿ ಹಾಕಬೇಕು. ಕಡಲೆಕಾಯಿ ಬೀಜ ಅರೆದ ಹಾಲನ್ನೂ ಹಾಕುತ್ತಾರೆ. ಸುಣ್ಣ ಮಾತ್ರ ಕೈ ಹಿಡಿದು ಹಾಕಲು ಹೇಳಿ, ಜಾಸ್ತಿ ಆದರೆ ಬೆಲ್ಲ ಕಪ್ಪಾಗುತ್ತದೆ. ನಮ್ಮ ಮನೆಯಲ್ಲಿ ಹೋದ ವರ್ಷದ ಬೆಂಡೆ ಕಟ್ಟು ಇನ್ನೂ ಆರು ಇದೆ. ಭಾನುವಾರ ಮದ್ದೂರು ಕಡೆ ಬರುತ್ತೇನೆ, ಎರಡು ತಂದುಕೊಡುತ್ತೇನೆ. ಮೊದಲ ಕೊಪ್ಪರಿಗೆ ನಾನೇ ಜೊತೆಗಿದ್ದು ಇಳಿಸಿಕೊಡುತ್ತೇನೆ ಅಂತ ಅವರಿಗೆ ಹೇಳಿ.